ಲೈನ್ ಮನೆಯ ಆಚೆ ಒಂದು ಸೂರು

ಬೇಸಿಗೆ ಬಂತೆಂದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಕಳಸಕ್ಕೆ ಹೋಗುವ ದಾರಿಯಲ್ಲಿ ಸಿಲ್ವರ್ ಓಕ್ ನಾಟಾ ಹೇರಿದ ಲಾರಿಗಳು ಏದುಸಿರು ಬಿಡುತ್ತ ಸಾಗುತ್ತವೆ. ಆಸ್ಟ್ರೇಲಿಯಾ ಮೂಲದ ಈ ಮರ ನಮ್ಮ ತೋಟಗಳಲ್ಲಿ ಕಾಫಿಗೆ ನೆರಳಾಗಿ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆದು ಕೊನೆಗೆ ಪ್ಲೈವುಡ್ ಕಾರ್ಖಾನೆ ಸೇರುತ್ತದೆ. ಅಡಿಗೆ ಇಷ್ಟೆಂದು ಮರದ ಬೆಲೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಕಡಿದು, ಹೆಗಲು ಕೊಟ್ಟು, ಲಾರಿಗೆ ಏರಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ಧರ್ಮಕೇಂದ್ರದ ಬಹುಪಾಲು ಭಕ್ತಾದಿಗಳು ಇಂಥ ದುಡಿಮೆಯವರೇ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಕುಟುಂಬಗಳಿವೆ, ತಮಿಳು ಮನೆಮಾತಿನವರಿದ್ದಾರೆ. ಮುಂಗಾರಿಗೆ ಮುನ್ನ ಮರವೇರಿ ಕೊಂಬೆ ಸವರುವ ಮರಗಸಿ, ಅದಕ್ಕೂ ಮೊದಲು ಏಣಿ ಇಟ್ಟು ಮೆಣಸು ಕೊಯ್ಯುವುದು, ಎರಡೂ ಪ್ರಾಣವನ್ನು ಕೈಯಲ್ಲಿ ಹಿಡಿದು ಮಾಡುವ ಕೆಲಸಗಳು. ಹಗುರವೆಂದು ತಂದ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿ ಕಾಫಿ ಸೀಮೆಯವರಿಗೆ ಹೊಸದೇನಲ್ಲ.

ಆದರೆ ಇಂದು ನಾವು ಹೇಳಹೊರಟಿರುವುದು ಸಾವಿನ ಮಾತಲ್ಲ, ಸೂರಿನ ಮಾತು. 1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಅಂದಿಗೆ ಅದು ದೊಡ್ಡ ಉಪಕಾರ. ಆದರೆ ಲೈನ್ ಮನೆ ಮನುಷ್ಯನಿಗೆ ಸೇರಿದ್ದಲ್ಲ, ಅವನ ಕೆಲಸಕ್ಕೆ ಸೇರಿದ್ದು. ಬೆನ್ನು ಬಾಗಿದ ದಿನ ಬಾಗಿಲು ಬಿಡಬೇಕು. ಇಲ್ಲವೇ ಮಗನೋ ಸೊಸೆಯೋ ಅದೇ ತೋಟದ ಕೆಲಸಕ್ಕೆ ನಿಲ್ಲಬೇಕು. ಮಗಳು ಓದಿ ಬೆಂಗಳೂರಿಗೆ ಹೋದರೆ ತಾಯಿಯ ಸೂರು ಹೋಗುತ್ತದೆ. ಮಕ್ಕಳ ಓದಿಗೂ ಹೆತ್ತವರ ನೆಲೆಗೂ ಹೀಗೆ ಗಂಟು ಹಾಕಿರುವುದು ನ್ಯಾಯವೇ? ರಾಜ್ಯದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಕಾಫಿ ತೋಟಗಳಿಗೆ ಭೂಮಿತಿ ಅನ್ವಯಿಸಲಿಲ್ಲ. ಲೈನಿನವರು ಗೇಣಿದಾರರೂ ಅಲ್ಲವಾದ್ದರಿಂದ ಬರಿಗೈಯಲ್ಲೇ ಉಳಿದರು. ನಿವೇಶನ ಕೇಳಿದರೆ, ಊರ ಸುತ್ತಲಿನದು ಅರಣ್ಯವೆಂಬ ಉತ್ತರ ಸಿಗುತ್ತದೆ.

ಮೂವತ್ತು ವರ್ಷ ಮರಗಸಿ ಮಾಡಿದ ವೃದ್ಧರೊಬ್ಬರು ಒಂದು ಸಂಜೆ ನಮ್ಮ ಬಳಿ ಬಂದಿದ್ದರು. ಹಣ ಕೇಳಲಿಲ್ಲ. "ಫಾದರ್, ಸತ್ತರೆ ಮಣ್ಣು ಮಾಡಲು ನಿಮ್ಮಲ್ಲಿ ಜಾಗವಿದೆ. ಅಲ್ಲಿಯವರೆಗೆ ನಾನು ಎಲ್ಲಿರಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಗುರುಮಠದಲ್ಲಿ ನಾವು ಓದಿದ ಅರಿಸ್ಟಾಟಲ್, ಉತ್ತಮ ನಗರದಲ್ಲಿ ಕೈಕಸುಬಿನವನಿಗೆ ಪೌರತ್ವವಿಲ್ಲವೆಂದು ಬಗೆದವನು. ಅಂದು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆವು. ಅದರ ಅರ್ಥ ತಿಳಿದದ್ದು ಈ ಬೆಟ್ಟಗಳಿಗೆ ಬಂದ ಮೇಲೆ. ಧರ್ಮಸಭೆಯ ಬೋಧನೆ ಬೇರೆ. 1981ರ ವಿಶ್ವಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ದುಡಿಮೆಯ ಘನತೆಯನ್ನು ದುಡಿಯುವ ಮನುಷ್ಯನಲ್ಲೇ ಕಂಡರು. 1955ರಲ್ಲಿ ಸ್ಥಾಪಿತವಾದ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಪ್ರತಿ ಮೇ 1ರಂದು ಆಚರಿಸುತ್ತೇವೆ. ಮರಗೆಲಸದ ಆ ಸಂತರಿಗೆ ಹಾರ ಹಾಕುವ ಮಾಲೀಕರೂ, ಹಿಂದೆ ನಿಂತ ಕಾರ್ಮಿಕರೂ ಒಂದೇ ಬಲಿಪೂಜೆಯಲ್ಲಿರುತ್ತಾರೆ.

ಬೆಳೆಗಾರರ ಕಷ್ಟ ನಮಗೆ ತಿಳಿಯದ್ದಲ್ಲ. ಕಾಂಡಕೊರಕ, ಅಕಾಲಿಕ ಮಳೆ, ಸಾಲ, ಎಲ್ಲವೂ ಇವೆ. ಸಣ್ಣ ಹಿಡುವಳಿದಾರರನ್ನು ನಾವು ಕೇಳುತ್ತಿಲ್ಲ. ನೂರಾರು ಎಕರೆ ಉಳ್ಳವರು ತೋಟದಂಚಿನ ಕೆಲವು ಗುಂಟೆಗಳನ್ನು ದುಡಿದು ಸವೆದವರ ಹೆಸರಿಗೆ ಬರೆದುಕೊಡಲಾರರೇ? ಕಾನೂನಿನ ತೊಡಕುಗಳಿವೆ, ನಿಜ; ಮನಸ್ಸು ಮಾಡಿದವರಿಗೆ ವಕೀಲರೂ ಸಿಗುತ್ತಾರೆ.

ಇತರರಿಗೆ ಹೇಳುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳಬೇಕಲ್ಲ! ಸಿಮಿತ್ರಿಯ ಮೇಲ್ಭಾಗದಲ್ಲಿ ಧರ್ಮಕೇಂದ್ರಕ್ಕೆ ಸೇರಿದ ಪಾಳು ಜಾಗವಿದೆ. ಅದನ್ನು ಅಳತೆ ಮಾಡಿಸುವ ವಿಷಯವನ್ನು ಪಾಲನಾ ಸಮಿತಿಯ ಮುಂದಿನ ಸಭೆಗೆ ತರುತ್ತೇವೆ. ಪೂಜ್ಯ ಬಿಷಪರ ಅನುಮತಿಯನ್ನೂ ಕೋರುತ್ತೇವೆ.