ಭುಜಕ್ಕೆ ಸೂಜಿ: ನೋವು ಹೋದ್ರೆ ಸಾಕಾ?

"ರಟ್ಟೆ ಎತ್ತಲಿಕ್ಕೆ ಬರ್ತಿಲ್ಲ, ಒಂದು ಸೂಜಿ ಮಾಡಿಸ್ಕೊಂಡು ಬರ್ತೀನಿ." ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು ಕಡೆಯ ಮನೆಗಳಲ್ಲಿ ಈ ಮಾತು ನೀವೂ ಕೇಳಿರ್ತೀರಿ. ಪರಶಿ ಕಲ್ಲು ಹೊರುವವರು, ತೊಗರಿ ಚೀಲ ಎತ್ತುವವರು, ಹತ್ತಿ ಬಿಡಿಸುವವರು ಇರುವ ಸೀಮೆ ಇದು. ಸೂಜಿಯೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಔಷಧಿ ಅಂತ ಕೇಳದೆ ಸೂಜಿ ಮಾಡಿಸ್ಕೊಳ್ಳೋದು, ನೋವು ಹೋದ ಮರುದಿನವೇ ಕಲ್ಲು ಹೊರೋದು, ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ಸೊಂಟಕ್ಕೆ ಕೊಡುವ ನೋವಿನ ಸೂಜಿಯಲ್ಲಿ ಸಾಮಾನ್ಯವಾಗಿ ಡೈಕ್ಲೋಫಿನಾಕ್ ಇರುತ್ತದೆ. ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ, ಕೆಲವು ತಾಸು ನೋವು ತಗ್ಗಿಸುತ್ತದೆ, ಅಷ್ಟೇ. ಪದೇ ಪದೇ ತಗೊಂಡ್ರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಮೂಳೆ ವೈದ್ಯರು ಭುಜದ ಕೀಲಿಗೇ ಕೊಡುವ ಸೂಜಿ ಬೇರೆ. ಅದರಲ್ಲಿರುವುದು ಸ್ಟೀರಾಯ್ಡ್. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಬಗ್ಗೆ ಓದಿದ್ದೀರಲ್ಲ, ಅದರ ಹೊರಪದರದ ಹಾರ್ಮೋನುಗಳ ಜಾತಿಗೆ ಸೇರಿದ್ದು. ಈ ಹಾರ್ಮೋನುಗಳ ಸಂಶೋಧನೆಗೆ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಂತು. ಈ ಔಷಧಿ ಉರಿಯೂತ ಇಳಿಸುತ್ತದೆ. ಪರಿಣಾಮ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಮತ್ತೆ ಮತ್ತೆ ಕೊಟ್ಟರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಬಲ ಕಳೆದುಕೊಳ್ಳಬಹುದು. ನೋವು ಗೊತ್ತಾಗುತ್ತಿಲ್ಲ ಅಂತ ಅದೇ ಭುಜದ ಮೇಲೆ ಪರಶಿ ಹೊತ್ತರೆ ಏನಾದೀತು, ನೀವೇ ಯೋಚಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ಸೂಜಿಯ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಭುಜದ ಕೀಲಿನ ಚೀಲ ದಪ್ಪಗಾಗಿ ಬಿಗಿಯುವ ಫ್ರೋಜನ್ ಶೋಲ್ಡರ್ ಹೆಚ್ಚಾಗಿ ಬರುವುದೂ ಅವರಿಗೇ. ಹಾಗಾಗಿ ಸಕ್ಕರೆ ಇದೆ ಅಂತ ವೈದ್ಯರಿಗೆ ಮೊದಲೇ ಹೇಳಬೇಕು.

ನೋವು ಕಡಿಮೆಯಾದ ಆ ಕೆಲವು ವಾರಗಳು ವ್ಯಾಯಾಮಕ್ಕೆ ಸಿಕ್ಕ ಅವಕಾಶ. ಕೂಲಿ ಬಿಟ್ಟು ದಿನಾ ಬಸ್ಸು ಹತ್ತಿ ಫಿಜಿಯೋಥೆರಪಿಗೆ ಹೋಗೋದು ನಮ್ಮವರಿಗೆ ಎಲ್ಲಿ ಆಗ್ತದೆ? ಆದರೆ ಲೋಲಕದ ವ್ಯಾಯಾಮಕ್ಕೆ ಕಾಸು ಬೇಡ. ವೈದ್ಯರು ಹೂಂ ಅಂದ ಮೇಲೆ, ಒಂದು ಕೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ನೋವಿನ ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನೇ ಆಡುತ್ತದೆ. ಕೈಯ ತೂಕ ದೇಹದ ತೂಕದಲ್ಲಿ ಸುಮಾರು ಶೇ. 5ರಷ್ಟು, ಅಂದರೆ 60 ಕಿಲೋ ಇರುವವರಲ್ಲಿ ಸುಮಾರು 3 ಕಿಲೋ. ಆ ಭಾರ ಕೀಲನ್ನು ಕೆಳಕ್ಕೆ ಎಳೆದು ಸ್ವಲ್ಪ ಬಿಡುವು ಕೊಡುತ್ತದೆ. ನಿಮ್ಮ ಲೋಲಕದ ಪಾಠ ಮನೆಯಲ್ಲೇ ನಡೆದಂತಾಯ್ತು.

ಆಮೇಲೆ ಗೋಡೆಗೆ ಬೆರಳು ಹತ್ತಿಸೋದು. ಅಮ್ಮನ ಬೆರಳು ಎಲ್ಲಿವರೆಗೆ ಹೋಯ್ತು ಅಂತ ವಾರಕ್ಕೊಮ್ಮೆ ಪೆನ್ಸಿಲಿನಿಂದ ಗುರುತು ಹಾಕಿ, ಅಳೆದು, ಗ್ರಾಫ್ ಹಾಳೆಯಲ್ಲಿ ಬರೆಯಿರಿ. ಗೋಡೆ ಹಾಳಾಯ್ತು ಅಂತ ಬೈದರೆ ಮೇಷ್ಟ್ರು ಹೇಳಿದ್ರು ಅನ್ನಿ. ಗೆರೆ ಒಂದೊಂದು ವಾರ ಏರದೇ ಇರಬಹುದು. ಬಿಗಿದ ಭುಜ ಸಡಿಲಾಗಲು ಒಂದೆರಡು ವರ್ಷವೂ ಹಿಡಿಯುತ್ತದೆ. ಆದರೆ ಬಿದ್ದ ಮೇಲೆ ಕೈ ಎತ್ತಲಿಕ್ಕೇ ಬಾರದಿದ್ದರೆ, ಅಥವಾ ಸೂಜಿ ಮಾಡಿಸಿದ ಮೇಲೆ ಭುಜ ಊದಿ ಜ್ವರ ಬಂದರೆ, ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಿರಿ.