ಬಳೆ ಕೊಡುವ ಮೊದಲು ಬಾನೆಟ್ ತೆರೆಸಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಅವಳು ಮೂರು ಮಕ್ಕಳ ತಾಯಿ. ಗಂಡ ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದಾರೆ. "ಟೀಚರೇ, ಇವರು ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ತೆಗೆಯುತ್ತಾರಂತೆ. ಸ್ವಲ್ಪ ಹಣ ಕಡಿಮೆ ಬೀಳುತ್ತದೆ, ನಿನ್ನ ಬಳೆ ಕೊಡು ಅಂತಿದ್ದಾರೆ. ಕೊಡಲಾ?" ಎಂದು ಕೇಳಿದಳು.

"ಯಾವ ಮಾರುತಿ?" ಎಂದೆ.

"ಬಿಳಿಯದು" ಎಂದಳು.

ನಾನು ನಗಲಿಲ್ಲ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ಉತ್ತರವೂ ಅಷ್ಟೇ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವೆ. ಬಟ್ಟೆಯಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ನೋಡುತ್ತೇವೆ. ಆದರೆ ಕಾರಿನ ಮಾತು ಬಂದರೆ ಅದು ಗಂಡಸರ ವಿಷಯವೆಂದು ಸುಮ್ಮನಾಗುತ್ತೇವೆ. ಹಣ ನಮ್ಮ ಬಳೆಯದ್ದು, ಕೂರುವುದು ನಮ್ಮ ಮಕ್ಕಳು. ಹಾಗಿದ್ದ ಮೇಲೆ ನಾಲ್ಕು ಪ್ರಶ್ನೆ ಕೇಳುವ ಹಕ್ಕು ನಮಗಿಲ್ಲವೇ?

ಮೊದಲು ಮಾರುತಿಯ ಒಳ್ಳೆಯ ಗುಣಗಳನ್ನೇ ನೋಡೋಣ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿತು. ಅದುವರೆಗೆ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಜನರಿಗೆ ಈ ಪುಟ್ಟ ಕಾರು ವರವಾಯಿತು. ನಂತರ ಓಮ್ನಿ, ಝೆನ್, ವ್ಯಾಗನ್ ಆರ್, ಆಲ್ಟೊ, 2005ರಲ್ಲಿ ಸ್ವಿಫ್ಟ್, 2008ರಲ್ಲಿ ಡಿಝೈರ್, 2012ರಲ್ಲಿ ಎರ್ಟಿಗಾ ಬಂದವು. 800ರ ತಯಾರಿ 2014ರಲ್ಲಿ, ಓಮ್ನಿಯ ತಯಾರಿ 2019ರಲ್ಲಿ ನಿಂತಿತು. ಆದರೂ ಇವುಗಳ ಬಿಡಿಭಾಗಗಳು ಸಣ್ಣ ಪೇಟೆಯಲ್ಲೂ ಸಿಗುತ್ತವೆ. ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಊರೂರಿನಲ್ಲಿ ಇದ್ದಾರೆ. ಗಂಡ ಪರದೇಶದಲ್ಲಿದ್ದು, ಕಾರು ದಾರಿಯಲ್ಲಿ ನಿಂತುಬಿಟ್ಟರೆ ಈ ಗುಣದ ಬೆಲೆ ಗೊತ್ತಾಗುತ್ತದೆ. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಇಕ್ಕಟ್ಟಾದ ಓಣಿಯಲ್ಲೂ ಸುಲಭವಾಗಿ ತಿರುಗುತ್ತದೆ, ಮುಂದೆ ಮಾರುವಾಗ ಕೊಳ್ಳುವವರು ಬೇಗ ಸಿಗುತ್ತಾರೆ.

ಆದರೆ ಈ ಗುಣಗಳು ಪುಕ್ಕಟೆಯಾಗಿ ಸಿಗುವುದಿಲ್ಲ. ಮಾರುತಿಗೆ ಬೇಡಿಕೆ ಹೆಚ್ಚು. ಆದ್ದರಿಂದ ಅದೇ ವಯಸ್ಸಿನ ಬೇರೆ ಕಂಪನಿಯ ಕಾರಿಗಿಂತ ಹಳೆಯ ಮಾರುತಿಯ ಬೆಲೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಕೈಯಲ್ಲಿರುವ ಹಣಕ್ಕೆ ಸರಿಹೊಂದಿಸಲು ನಾವು ಇನ್ನೂ ಹಳೆಯ ಕಾರಿಗೆ, ಇನ್ನೂ ಕೆಳಗಿನ ಮಾದರಿಗೆ ಇಳಿಯುತ್ತೇವೆ. ಅಪಾಯವಿರುವುದು ಅಲ್ಲೇ.

ಮಾರುತಿಯ ದೊಡ್ಡ ದೌರ್ಬಲ್ಯ ಇಂಜಿನ್‌ನಲ್ಲಿಲ್ಲ, ನಮ್ಮನ್ನು ಕಾಯಬೇಕಾದ ಮೈಯಲ್ಲಿದೆ. ಹಗುರವಾದ ಮೈಯಿಂದ ಮೈಲೇಜ್ ಸಿಗುತ್ತದೆ ನಿಜ. ಆದರೆ ಡಿಕ್ಕಿಯಾದಾಗ ಹಳೆಯ ಸಣ್ಣ ಮಾರುತಿಗಳು ಒಳಗಿದ್ದವರನ್ನು ಕಾಯುವ ಶಕ್ತಿ ಕಡಿಮೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಮತ್ತು ಸ್ವಿಫ್ಟ್ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಎರಡಕ್ಕೂ ಸಿಕ್ಕಿದ್ದು ಶೂನ್ಯ ಸ್ಟಾರ್. 2018ರಲ್ಲಿ ಎರಡು ಏರ್‌ಬ್ಯಾಗ್ ಇದ್ದ ಸ್ವಿಫ್ಟ್‌ಗೆ ಎರಡು ಸ್ಟಾರ್ ಸಿಕ್ಕಿತು. 2024ರಲ್ಲಿ ಬಂದ ಹೊಸ ಡಿಝೈರ್ ಐದು ಸ್ಟಾರ್ ಪಡೆಯಿತು. ಹಾಗಾದರೆ ಮಾರುತಿ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಸರಿಯಲ್ಲ. ಯಾವ ವರ್ಷದ್ದು, ಯಾವ ಮಾದರಿಯದ್ದು ಎಂದು ಕೇಳಬೇಕು.

ಕಾರಿನ ಹಿಂಬದಿಯಲ್ಲಿ ಬರೆದಿರುವ ಅಕ್ಷರಗಳನ್ನು ಗಮನಿಸಿದ್ದೀರಾ? ಎಲ್‌ಎಕ್ಸ್‌ಐ ಎಂದರೆ ಕೆಳಗಿನ ಮಾದರಿ, ವಿಎಕ್ಸ್‌ಐ ನಡುವಿನದು, ಝಡ್‌ಎಕ್ಸ್‌ಐ ಮೇಲಿನದು. ಡೀಸೆಲ್ ಆದರೆ ಎಲ್‌ಡಿಐ, ವಿಡಿಐ, ಝಡ್‌ಡಿಐ. ಹಳೆಯ ಕಾರುಗಳಲ್ಲಿ ಏರ್‌ಬ್ಯಾಗ್ ಮತ್ತು ಎಬಿಎಸ್ ಬ್ರೇಕ್ ಸಾಮಾನ್ಯವಾಗಿ ಮೇಲಿನ ಮಾದರಿಗೆ ಮಾತ್ರ ಇರುತ್ತಿದ್ದವು. 2019ರಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಲು 2021ರ ಕೊನೆಯವರೆಗೆ ಕಾಯಬೇಕಾಯಿತು. ಆ ಪಕ್ಕದ ಸೀಟಿನಲ್ಲಿ ಕೂರುವವರು ಯಾರು? ಹೆಚ್ಚಾಗಿ ನಾವೇ ಅಲ್ಲವೇ? ಕಾನೂನು ಬರುವ ಮೊದಲೇ ಎಲ್ಲ ಮಾದರಿಗಳಿಗೂ ಎರಡು ಏರ್‌ಬ್ಯಾಗ್ ಕೊಟ್ಟ ಮಾರುತಿಗಳೂ ಇವೆ. 2015ರಲ್ಲಿ ಬಂದ ಬಲೆನೊ, 2017ರ ಹೊಸ ಡಿಝೈರ್, 2018ರ ಹೊಸ ಸ್ವಿಫ್ಟ್ ಅಂಥವು. ಅದೇ ಹಣಕ್ಕೆ ಅಲಾಯ್ ಚಕ್ರ, ದೊಡ್ಡ ಸ್ಟೀರಿಯೋ ಇರುವ ಕಾರಿಗಿಂತ ಇಂಥ ಕಾರು ಸಿಗುವುದಾದರೆ ಅದೇ ಲಾಭ.

ಓಮ್ನಿಯ ಬಗ್ಗೆ ಒಂದು ಮಾತು. ದೊಡ್ಡ ಕುಟುಂಬಕ್ಕೆ, ಮಕ್ಕಳನ್ನು ಶಾಲೆಗೆ ಬಿಡಲು ಅನುಕೂಲವೆಂದು ಅದನ್ನು ಕೊಳ್ಳುವವರಿದ್ದಾರೆ. ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಎದುರಿನಿಂದ ಪೆಟ್ಟು ಬಿದ್ದರೆ ತಡೆಯಲು ಮುಂದೆ ಮೂಗೇ ಇಲ್ಲ, ನಮ್ಮ ಕಾಲುಗಳೇ ಮೊದಲು. ಸಾಮಾನು ಸಾಗಿಸಲು ಒಳ್ಳೆಯ ಗಾಡಿ. ಹೆದ್ದಾರಿಯಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗಲು ಅಲ್ಲ.

ಪೆಟ್ರೋಲ್ ಬೇಕೋ ಡೀಸೆಲ್ ಬೇಕೋ? ಸ್ವಿಫ್ಟ್, ಡಿಝೈರ್‌ಗಳಲ್ಲಿದ್ದ 1.3 ಲೀಟರ್ ಡೀಸೆಲ್ ಇಂಜಿನ್ ಮೂಲತಃ ಫಿಯೆಟ್ ಕಂಪನಿಯದು. ದಿನವೂ ದೂರ ಓಡುವವರಿಗೆ ಅದು ಚೆನ್ನಾಗಿಯೇ ದುಡಿದಿದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಈಗ ಸಿಗುವ ಡೀಸೆಲ್ ಮಾರುತಿಗಳೆಲ್ಲ ಅದಕ್ಕಿಂತ ಹಳೆಯವು. ಟರ್ಬೊ, ಇಂಜೆಕ್ಟರ್ ಕೆಟ್ಟರೆ ಖರ್ಚು ದೊಡ್ಡದು. ವಾರಕ್ಕೊಮ್ಮೆ ತವರಿಗೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಮನೆಗೆ ಪೆಟ್ರೋಲೇ ಸಾಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನ್ಯಾಯಮಂಡಳಿಯ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಬಂದವು. ಅಂಥ ಕಾರಿಗೆ ಎನ್‌ಒಸಿ ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದ ಮೇಲೆ ಅಗ್ಗ ಅಗ್ಗವಾಗಿ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ.

ಇನ್ನು ಕಾರಿನ ಮುಂದೆ ನಿಂತು ನೀವೇ ನೋಡಬಹುದಾದ ಕೆಲವು ಸಂಗತಿಗಳು.

ಹಗಲಿನಲ್ಲೇ ನೋಡಿ. ಬಾಗಿಲುಗಳ ನಡುವಿನ ಸಂದು ಎರಡೂ ಕಡೆ ಸಮವಾಗಿದೆಯೇ, ಒಂದು ಬಾಗಿಲಿನ ಬಣ್ಣ ಬೇರೆಯಾಗಿ ಕಾಣುತ್ತದೆಯೇ ಗಮನಿಸಿ. ಬೇರೆಯಾಗಿದ್ದರೆ ಪೆಟ್ಟು ಬಿದ್ದು ಟಿಂಕರಿಂಗ್ ಆಗಿರಬಹುದು. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಇದೆಯೇ ನೋಡಿ. ಕರಾವಳಿಯ ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆಯಿದ್ದರೆ ಅದು ನೆರೆನೀರಿನಲ್ಲಿ ಮುಳುಗಿದ ಕಾರಾಗಿರಬಹುದು. 2015ರಲ್ಲಿ ಚೆನ್ನೈಯಲ್ಲಿ, 2018ರಲ್ಲಿ ಕೇರಳದಲ್ಲಿ ಎಷ್ಟೋ ಕಾರುಗಳು ಮುಳುಗಿದ್ದನ್ನು ಮರೆಯಬೇಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್‌ನ ದೀಪ ಹೊತ್ತಿ, ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಹೊತ್ತದೇ ಇದ್ದರೂ ದೋಷ, ಆರದೇ ಇದ್ದರೂ ದೋಷ. ಕಿ.ಮೀ. ಮೀಟರನ್ನು ಪೂರ್ತಿ ನಂಬಬೇಡಿ. ಕಡಿಮೆ ಓಡಿದ ಕಾರೆನ್ನುತ್ತಾರೆ, ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನ ದಾಖಲೆ ಕೇಳಿ. ನಿಮ್ಮದೇ ನಂಬಿಕೆಯ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ತೋರಿಸದೆ ಅಡ್ವಾನ್ಸ್ ಕೊಡಬೇಡಿ.

ಕಾಗದಪತ್ರದ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದೆಯೇ, ಹದಿನೈದು ವರ್ಷದ ನೋಂದಣಿ ಯಾವಾಗ ಮುಗಿಯುತ್ತದೆ, ಇನ್ಶೂರೆನ್ಸ್ ಇದೆಯೇ ನೋಡಿ. ನೀವೇ ಕಾರು ಮಾರುವಾಗಲೂ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬಿಡಬೇಡಿ. ಮಾರಿದ ಮೇಲೂ ಹೆಸರು ಹಳೆಯದೇ ಇದ್ದರೆ, ಕೊಂಡವನು ಮಾಡಿದ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಗಂಡ ಪರದೇಶದಲ್ಲಿರುವಾಗ ನೋಟೀಸು ಮನೆ ಬಾಗಿಲಿಗೆ ಬಂದರೆ ಅದನ್ನು ಹಿಡಿದುಕೊಂಡು ಅಲೆಯಬೇಕಾದವರು ನಾವು.

ಮಾರುವವರಿಗೂ ಒಂದು ಕರ್ತವ್ಯವಿದೆ. ಧಾನ್ಯದ ರಾಶಿಯೊಳಗೆ ಕೈಹಾಕಿ, ಅಡಿಯಲ್ಲಿ ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರವಾದಿಯವರ(ಸ) ಘಟನೆ ನಮಗೆಲ್ಲ ಗೊತ್ತು. ಪೆಟ್ಟು ಬಿದ್ದ ಕಾರಿಗೆ ಬಣ್ಣ ಬಳಿದು ಸುಮ್ಮನಿರುವುದು ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಹರಡಿದಂತೆಯೇ. ದೋಷವನ್ನು ಹೇಳಿ ಮಾರಿದರೆ ನಾಲ್ಕು ಸಾವಿರ ಕಡಿಮೆಯಾದೀತು, ಮನಸ್ಸಿನ ನೆಮ್ಮದಿ ಕಡಿಮೆಯಾಗದು.

ಕೊನೆಗೆ, ಕಾರು ಯಾವುದೇ ಇರಲಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ. ಏರ್‌ಬ್ಯಾಗ್ ಬಿರಿಯುವ ರಭಸವೇ ಎಳೆಯ ಮಗುವಿನ ಪ್ರಾಣ ತೆಗೆಯಬಲ್ಲದು. ಮಕ್ಕಳು ಹಿಂದಿನ ಸೀಟಿನಲ್ಲಿರಲಿ. ಎಳೆಯ ಮಗುವಿಗೆ ಅದರದೇ ಸೀಟು, ದೊಡ್ಡ ಮಕ್ಕಳಿಗೆ ಬೆಲ್ಟ್ ಇರಲಿ.

ಆ ಹುಡುಗಿಯ ಕಥೆ ಏನಾಯಿತೆಂದು ಕೇಳುತ್ತೀರಾ? ಮನೆಗೆ ಹೋಗಿ ಗಂಡನಿಗೆ, "ಬಳೆ ಕೊಡುತ್ತೇನೆ, ಆದರೆ ನಾನೂ ಕಾರು ನೋಡಲು ಬರುತ್ತೇನೆ" ಎಂದಳಂತೆ. ಆ ಬಿಳಿಯ ಕಾರು ಎಲ್‌ಎಕ್ಸ್‌ಐ ಆಗಿತ್ತು, ಒಂದೂ ಏರ್‌ಬ್ಯಾಗ್ ಇರಲಿಲ್ಲ. ಗಂಡನಿಗೂ ಅದು ಗೊತ್ತಿರಲಿಲ್ಲ. ಈಗ ಇಬ್ಬರೂ ಸೇರಿ ಬೇರೆ ಕಾರು ಹುಡುಕುತ್ತಿದ್ದಾರೆ. ಬಳೆ ಇನ್ನೂ ಅವಳ ಕೈಯಲ್ಲೇ ಇದೆ.