ಗೆದ್ದವರನ್ನೂ ಬಿಡದ ಗ್ರಂಥ

ಲಾಯಿಲ, ಬೆಳ್ತಂಗಡಿ ಸುತ್ತಿನವರಿಗೆ ಗಡಾಯಿಕಲ್ಲನ್ನು ಪರಿಚಯಿಸಬೇಕಿಲ್ಲ. 1794ರಲ್ಲಿ ಟಿಪ್ಪು ಸುಲ್ತಾನ್ ಆ ಬಂಡೆಬೆಟ್ಟದ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಲಾಬಾದ್ ಎಂದು ಹೆಸರಿಟ್ಟನೆನ್ನುತ್ತಾರೆ. ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲುಗಳ ಇಕ್ಕಟ್ಟಿನ ದಾರಿ. ಅಂಥ ಕೋಟೆ 1799ರಲ್ಲಿ ಬ್ರಿಟಿಷರ ಪಾಲಾಯಿತು. 1784ರಿಂದ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ ಕರಾವಳಿಯ ಕ್ಯಾಥೊಲಿಕರಲ್ಲಿ ಬದುಕುಳಿದವರಿಗೆ ಬಿಡುಗಡೆಯಾದದ್ದೂ ಅದೇ ವರ್ಷ. ಸೋಲು, ಸೆರೆ, ಮರಳಿ ಬರುವುದು ಇವೆಲ್ಲ ಇಲ್ಲಿನ ಕ್ರೈಸ್ತರಿಗೆ ಬರೀ ಹಳೆ ಒಡಂಬಡಿಕೆಯ ಕಥೆಯಲ್ಲ, ಮನೆತನದ ಕಥೆಯೂ ಹೌದು.

ಹಾಗಿದ್ದೂ ಪ್ರಾರ್ಥನಾ ಕೂಟಗಳಲ್ಲಿ ಇಸ್ರಾಯೇಲರ ಗೆಲುವುಗಳಿಗೇ ಬೇಡಿಕೆ ಜಾಸ್ತಿ. ದಾವೀದ ಕೆಡವಿದ ಗೊಲ್ಯಾತ ಎಂದರೆ ಸಾಲ, ಗೋಡೆ ಕುಸಿದ ಯೆರಿಕೋ ಪಟ್ಟಣ ಎಂದರೆ ಕೋರ್ಟಿನ ಕೇಸು. ಏಳು ದಿನದ ‘ಯೆರಿಕೋ ಪ್ರಾರ್ಥನೆ’ಯೂ ಉಂಟು. ಕಷ್ಟದಲ್ಲಿರುವವರಿಗೆ ಅದರಿಂದ ಧೈರ್ಯ ಬಂದರೆ ಬೇಡವೆನ್ನುವುದು ಹೇಗೆ? ತೊಂದರೆ ಇರುವುದು ಬೇರೆ ಕಡೆ. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ‘ದೇವರು ನಮ್ಮ ಪಕ್ಷ’ ಎಂದು ಎದ್ದು ಹೋಗುವುದರಲ್ಲಿ.

ಇಸ್ರಾಯೇಲರ ಮುಂದಾಳು ಗಿದ್ಯೋನನನ್ನೇ ನೋಡಿ. ಮಿದ್ಯಾನ್ಯರ ವಿರುದ್ಧ ಸೇರಿದ್ದು 32,000 ಜನ. ಹೆದರಿದವರು ಮನೆಗೆ ಹೋಗಲಿ ಎಂದಾಗ 22,000 ಮಂದಿ ಹೊರಟೇಬಿಟ್ಟರು! ಉಳಿದವರನ್ನೂ ನೀರಿನ ಬಳಿ ಸೋಸಿ, ಕೊನೆಗೆ 300 ಜನರನ್ನು ಇಟ್ಟುಕೊಂಡದ್ದು. ಕಾರಣವನ್ನು ಬೈಬಲ್ ಗ್ರಂಥವೇ ಬಿಚ್ಚಿ ಹೇಳುತ್ತದೆ: ನಮ್ಮ ಕೈಬಲದಿಂದಲೇ ಗೆದ್ದೆವು ಎಂದು ಇವರು ಜಂಬ ಕೊಚ್ಚಬಾರದು. ಕೊಡ, ಪಂಜು, ಕೊಂಬು ಹಿಡಿದು ಆ ಮುನ್ನೂರು ಮಂದಿ ಗೆದ್ದರು. ಪ್ರವಚನ ಇಲ್ಲಿಗೆ ಮುಗಿಯುತ್ತದೆ, ಗ್ರಂಥ ಮುಗಿಯುವುದಿಲ್ಲ. ಅರಸನಾಗು ಎಂದಾಗ ಒಲ್ಲೆನೆಂದ ಅದೇ ಗಿದ್ಯೋನ ಕೊಳ್ಳೆಯ ಚಿನ್ನದಿಂದ ಏಫೋದು ಎಂಬ ಯಾಜಕರ ಉಡುಪು ಮಾಡಿಸಿ ಊರಲ್ಲಿಟ್ಟ. ಜನ ಅದನ್ನೇ ಪೂಜಿಸತೊಡಗಿದರು. ಅವನು ಸತ್ತ ಮೇಲೆ ಮಗ ಅಬೀಮೆಲೆಕ ಅಧಿಕಾರಕ್ಕಾಗಿ ಅಣ್ಣತಮ್ಮಂದಿರನ್ನೇ ಕೊಲ್ಲಿಸಿದ. ಶತ್ರುವನ್ನು ಗೆದ್ದ ಮನೆ ಗೆಲುವನ್ನು ಅರಗಿಸಿಕೊಳ್ಳಲಾರದೆ ಹೋಯಿತು.

ದೇವರನ್ನು ಜೇಬಿನಲ್ಲಿಟ್ಟುಕೊಳ್ಳಲು ಹೊರಟವರ ಪಾಡೂ ಗ್ರಂಥದಲ್ಲಿದೆ. ಫಿಲಿಷ್ಟಿಯರಿಗೆ ಒಮ್ಮೆ ಸೋತ ಇಸ್ರಾಯೇಲರು ಶೀಲೋವಿನಿಂದ ದೇವರ ಒಡಂಬಡಿಕೆಯ ಮಂಜೂಷವನ್ನೇ ರಣರಂಗಕ್ಕೆ ಹೊತ್ತು ತಂದರು. ಆ ಸಲ ಇನ್ನೂ ಕೆಟ್ಟದಾಗಿ ಸೋತರು, ಮಂಜೂಷವೂ ಕೈಬಿಟ್ಟಿತು.

ಯೆರಿಕೋದ ಕಥೆಯಲ್ಲಿ ಮಾತ್ರ ಓದುಗರ ಗಂಟಲಲ್ಲಿ ಮುಳ್ಳು ಸಿಕ್ಕುತ್ತದೆ. ಗೋಡೆ ಬಿದ್ದ ಮೇಲೆ ಹೆಂಗಸರು, ಮಕ್ಕಳು, ಮುದುಕರೆನ್ನದೆ ಕತ್ತಿಗೆ ಕೊಟ್ಟರೆಂದು ಬರೆದಿದೆ. 1952ರಿಂದ 1958ರವರೆಗೆ ಅಲ್ಲಿ ಅಗೆದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್, ಇಸ್ರಾಯೇಲರನ್ನು ಅಲ್ಲಿಗೆ ನಡೆಸಿದ ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಎಣಿಸುವ ಹೊತ್ತಿಗೆ ಅಲ್ಲಿ ಕೋಟೆಗೋಡೆಯ ಪಟ್ಟಣ ಇರಲಿಲ್ಲವೆಂದರು. ಹಾಗೆಂದು ನಿಟ್ಟುಸಿರು ಬಿಟ್ಟು ಪುಟ ಮಗುಚುವಂತಿಲ್ಲ. ಅಂಥ ಪುಟವನ್ನು ಇಂದಿನ ನೆರೆಹೊರೆಯವರ ಮೇಲೆ ಬೀಸುವ ಕತ್ತಿ ಮಾಡಿಕೊಂಡವರು ಚರಿತ್ರೆಯಲ್ಲಿ ಕಡಿಮೆಯಿಲ್ಲ. ಅದನ್ನು ಪ್ರವಚನಕ್ಕೆ ಎತ್ತಿಕೊಳ್ಳುವವರು ಈ ಮುಜುಗರವನ್ನೂ ಕೇಳುಗರ ಮುಂದಿಡಬೇಕು. ಅದೇ ಯೆರಿಕೋದ ಹೊರಗೆ, ಕತ್ತಿ ಹಿರಿದು ನಿಂತವನನ್ನು ‘ನೀನು ನಮ್ಮವನೋ, ಶತ್ರುಗಳವನೋ?’ ಎಂದು ಯೆಹೋಶುವ ಕೇಳಿದಾಗ, ಯಾರ ಪಕ್ಷವೂ ಅಲ್ಲ ಎಂಬಂಥ ಉತ್ತರ ಬರುತ್ತದೆ. ಬಂದವನು ದೇವರ ಸೇನಾಪತಿ.

ಬೆಳ್ತಂಗಡಿ ತಾಲೂಕಿನ ಓದುಗರಿಗೆ ಗೆದ್ದವನನ್ನೂ ಪ್ರಶ್ನಿಸುವುದು ಅಪರಿಚಿತ ವಿಚಾರವೇನಲ್ಲ. 1604ರಲ್ಲಿ ಅಜಿಲ ಅರಸರು ವೇಣೂರಿನಲ್ಲಿ ನಿಲ್ಲಿಸಿದ ಸುಮಾರು 35 ಅಡಿಯ, ಜೈನರ ಬಾಹುಬಲಿ ಅಣ್ಣನನ್ನು ಗೆದ್ದು ರಾಜ್ಯ ಬಿಟ್ಟವನು. ಎರಡು ಧರ್ಮಗಳ ದಾರಿ ಬೇರೆ; ಇಸ್ರಾಯೇಲರು ನೆಲ ಬಿಡಲಿಲ್ಲ. ಆದರೆ ಗೆದ್ದವನ ಕಡೆಗೆ ಅನುಮಾನದಿಂದ ನೋಡುವ ಕಣ್ಣು ಎರಡೂ ಕಡೆ ಇದೆ.

ಬೈಬಲಿನ ಯುದ್ಧಕಥೆಗಳಲ್ಲಿ ಕಡಿಮೆ ಕೇಳಿಬರುವ ಇನ್ನೊಂದು ಬೆಸೋರ್ ಹಳ್ಳದ್ದು. ತಮ್ಮ ಹೆಂಡತಿ ಮಕ್ಕಳನ್ನು ಸೆರೆಹಿಡಿದೊಯ್ದ ಅಮಾಲೇಕ್ಯರನ್ನು ಅಟ್ಟಿಕೊಂಡು ಹೊರಟ ದಾವೀದನ 600 ಜನರಲ್ಲಿ 200 ಮಂದಿ ದಣಿದು ಹಳ್ಳ ದಾಟಲಾಗದೆ ಸಾಮಾನಿನ ಬಳಿ ಉಳಿದರು. ಗೆದ್ದು ಬಂದವರಲ್ಲಿ ಕೆಲವರು, ಇವರಿಗೆ ಹೆಂಡತಿ ಮಕ್ಕಳನ್ನು ಕೊಟ್ಟು ಕಳಿಸಿದರೆ ಸಾಕು, ಕೊಳ್ಳೆಯಲ್ಲಿ ಪಾಲೆಲ್ಲಿಯದು ಎಂದರು. ದಾವೀದ ಒಪ್ಪಲಿಲ್ಲ. ಕಾದಿದವನಿಗೂ ಸಾಮಾನು ಕಾಯ್ದವನಿಗೂ ಸಮಪಾಲು ಎಂದ; ಅದು ಇಸ್ರಾಯೇಲಿನಲ್ಲಿ ಕಟ್ಟಳೆಯೇ ಆಯಿತು. ಗೊಲ್ಯಾತನ ಕಥೆ ಬಾಯಿಪಾಠ ಬರುವ ಭಾನುವಾರದ ದೊತೊರ್ನ್ (ಧರ್ಮೋಪದೇಶ) ತರಗತಿಯ ಮಕ್ಕಳಿಗೆ ಇದನ್ನೂ ಹೇಳಿಕೊಡಬಹುದು.